ಹುಳದ ಲೆಕ್ಕ ಇದೆ, ಹಾಲಿನ ಲೆಕ್ಕ ಇದೆ, ಮುಟ್ಟಿನ ಲೆಕ್ಕ ಎಲ್ಲಿ?

"ಕೊನೇ ಮುಟ್ಟು ಯಾವತ್ತು ಆಗಿದ್ದಮ್ಮ?" ಅಂತ ಡಾಕ್ಟರು ಕೇಳಿದರು.

"ಹುಳ ನಾಲ್ಕನೇ ಜ್ವರ ಎದ್ದಿತ್ತು ಮೇಡಂ" ಅಂದಳು ನಮ್ಮ ಓರಗಿತ್ತಿ.

ಡಾಕ್ಟರು ಕರಾವಳಿ ಕಡೆಯವರು. ಬರೆಯುತ್ತಿದ್ದ ಪೆನ್ನು ನಿಲ್ಲಿಸಿ, "ಜ್ವರ ಯಾರಿಗೆ?" ಅಂದರು.

ಶಿಡ್ಲಘಟ್ಟದ ಸುತ್ತಮುತ್ತ ರೇಷ್ಮೆ ಹುಳ ಪೊರೆ ಬಿಡುವುದಕ್ಕೆ ಜ್ವರ ಅನ್ನುತ್ತೇವೆ. ಗೂಡು ಕಟ್ಟುವ ಮೊದಲು ನಾಲ್ಕು ಜ್ವರ. ನಾಲ್ಕನೆಯದು ಎದ್ದ ಮೇಲೆ ಹುಳ ಸೊಪ್ಪು ತಿನ್ನುವ ರಭಸಕ್ಕೆ ಮನೆಮಂದಿಯೆಲ್ಲ ಸೊಪ್ಪು ಹೊತ್ತರೂ ಸಾಲದು. ಆವತ್ತೇ ಇವಳು ಮುಟ್ಟಾಗಿ, ಹುಳದ ಮನೆಗೆ ಕಾಲಿಡುವ ಹಾಗಿರಲಿಲ್ಲ. ಗಂಡ ಒಬ್ಬನೇ ಒದ್ದಾಡಿ ಸಾಯಂಕಾಲದ ತನಕ ರೇಗಾಡಿದ್ದ. ಅದಕ್ಕೇ ಅವಳಿಗೆ ನೆನಪು. ನಾನು ಹೊರಗೆ ಬಂದು ಮೈದುನನಿಗೆ ಫೋನ್ ಮಾಡಿದೆ. ಚಾಕಿ, ಅಂದರೆ ಎಳೆ ಹುಳ, ತಂದ ಚೀಟಿ ಅವನ ಜೇಬಿನಲ್ಲೇ ಇತ್ತು, 11ನೇ ತಾರೀಖು. ಎರಡನೇ ಜ್ವರ ಎದ್ದ ಚಾಕಿ ತಂದರೆ ನಾಲ್ಕನೇ ಜ್ವರ ಏಳೋದಕ್ಕೆ ಒಂಬತ್ತು ಹತ್ತು ದಿನ. ಅಂದರೆ 20, ಇಲ್ಲವೇ 21. ಒಳಗೆ ಹೋಗಿ ಹೇಳಿದೆ, ಬರೆದುಕೊಂಡರು.

ಮುಂದಿನ ಪ್ರಶ್ನೆಗಳಿಗೆ ಹುಳ ಸಹಾಯಕ್ಕೆ ಬರಲಿಲ್ಲ. ಅದರ ಹಿಂದಿನದು ಯಾವಾಗ? ಎಷ್ಟು ದಿನ ಹೋಗುತ್ತೆ? ದಿನಕ್ಕೆ ಎಷ್ಟು ಪ್ಯಾಡು? ಅವಳು ನನ್ನ ಮುಖ ನೋಡಿದಳು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8.2 ಬಂತು. ಬಸುರಿಯಲ್ಲದ ಹೆಂಗಸಿಗೆ ಅದು 12ಕ್ಕಿಂತ ಕೆಳಗಿಳಿಯಬಾರದು. ಡಾಕ್ಟರು ಕಬ್ಬಿಣದ ಮಾತ್ರೆ ಬರೆದು, ಸ್ಕ್ಯಾನಿಂಗಿಗೆ ಚೀಟಿ ಕೊಟ್ಟು, "ಇನ್ನು ಮೇಲೆ ಪ್ರತಿ ತಿಂಗಳದ್ದೂ ಬರೆದುಕೊಂಡು ಬನ್ನಿ" ಅಂದರು. ಏನು ಬರೆಯಬೇಕು, ಹೇಗೆ ಬರೆಯಬೇಕು ಅಂತ ಬಿಡಿಸಿ ಹೇಳಲು ಅವರಿಗೆ ಪುರಸೊತ್ತಿರಲಿಲ್ಲ, ಬಾಗಿಲಾಚೆ ಟೋಕನ್ ಹಿಡಿದವರ ಸಾಲು ಗೇಟಿನ ತನಕ ಇತ್ತು. ಹಾಗಾಗಿ ಆ ಕೆಲಸ ನನ್ನ ಪಾಲಿಗೆ ಬಂತು. ನಾನು ಡಾಕ್ಟರಲ್ಲ, ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಅವಳಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಡೆ ಮನೆಗಳಿಗೆ ಲೆಕ್ಕ ಬರೆಯುವುದು ಹೊಸದೇನಲ್ಲ. ಸೀಮೆಹಸು ಬೆದೆಗೆ ಬಂದ ದಿನ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಚೌಕದಲ್ಲಿ ಬರೆದಿಡುತ್ತೇವೆ, 21ನೇ ದಿನ ಮತ್ತೆ ಬಂತಾ ಅಂತ ಕಾಯುತ್ತೇವೆ. ಡೇರಿ ಪುಸ್ತಕದಲ್ಲಿ ಎರಡೂ ಹೊತ್ತಿನ ಲೀಟರು, ಫ್ಯಾಟು ಇರುತ್ತೆ. ಚೀಟಿ ಕಟ್ಟಿದ ದಿನ, ಮೋಟರು ಸುಟ್ಟ ದಿನವೂ ಎಲ್ಲೋ ಒಂದು ಕಡೆ ಬರೆದಿರುತ್ತೆ. ಹಸುವಿನ ಋತುಚಕ್ರ ಗೋಡೆ ಮೇಲಿದೆ, ಅದಕ್ಕೆ ಹುಲ್ಲು ಹಾಕುವವಳದು ಎಲ್ಲೂ ಇಲ್ಲ. ಅವಳು ಹೊರಗಾದ ಸುದ್ದಿ ಮನೆಯವರಿಗೆಲ್ಲ ಗೊತ್ತಿರುತ್ತೆ, ತಾರೀಖು ಮಾತ್ರ ಯಾರಿಗೂ ಗೊತ್ತಿರಲ್ಲ.

ಎಲ್ಲಿ ಬರೆಯುವುದು

ದಿನಾ ಕೈಗೆ ಸಿಗುವ ಕಡೆ ಬರೆಯಿರಿ. ಹೊಸ ಡೈರಿ ತಂದು ಚಂದವಾಗಿ ಶುರುಮಾಡಿದವರು ಎರಡನೇ ತಿಂಗಳಿಗೆ ಬಿಟ್ಟಿದ್ದನ್ನು ಬೇಕಾದಷ್ಟು ನೋಡಿದ್ದೇನೆ. ಓರಗಿತ್ತಿ ಆರಿಸಿಕೊಂಡಿದ್ದು ಹಾಲಿನ ಪುಸ್ತಕದ ಕೊನೇ ಹಾಳೆ. ಬೆಳಿಗ್ಗೆ ಸಾಯಂಕಾಲ ಹೇಗೂ ಅದು ಅವಳ ಕೈಯಲ್ಲೇ ಇರುತ್ತೆ.

ಗೋಡೆಯ ಕ್ಯಾಲೆಂಡರೂ ಒಳ್ಳೆಯದೇ, ಆದರೆ ಅದು ಮಾವನವರು ರಾಹುಕಾಲ ನೋಡುವ ಜಾಗ. ಸಂಕೋಚ ಇದ್ದರೆ ಗುರುತು ಇಟ್ಟುಕೊಳ್ಳಿ. ಮೊದಲ ದಿನಕ್ಕೆ ಚೌಕದ ಮೂಲೆಯಲ್ಲಿ ಒಂದು ಚುಕ್ಕಿ, ನಿಂತ ದಿನಕ್ಕೆ ಒಂದು ಗೀಟು. ಕೇಳಿದರೆ ಗ್ಯಾಸ್ ಸಿಲಿಂಡರ್ ಹಚ್ಚಿದ ದಿನ ಅನ್ನಿ. ನಾನು ಮದುವೆಯಾದ ಹೊಸದರಲ್ಲಿ ಹಾಗೇ ಹೇಳುತ್ತಿದ್ದೆ. ಆರು ವರ್ಷ ನಮ್ಮನೆ ಸಿಲಿಂಡರ್ 29 ದಿನಕ್ಕೊಮ್ಮೆ ಕರಾರುವಾಕ್ಕಾಗಿ ಖಾಲಿಯಾಗುತ್ತಿದ್ದರೂ ಯಾರಿಗೂ ಅನುಮಾನ ಬರಲಿಲ್ಲ.

ಫೋನಿನಲ್ಲಿ ಆ್ಯಪ್ ಇಟ್ಟುಕೊಂಡರೆ ಲೆಕ್ಕ ಅದೇ ಹಾಕುತ್ತೆ, ನೆನಪೂ ಮಾಡುತ್ತೆ. ಎರಡು ಮಾತು ಮನಸ್ಸಿನಲ್ಲಿರಲಿ. ಒಂದು, ಅದು ಹೇಳುವ ಮುಂದಿನ ದಿನ ನೀವೇ ಕೊಟ್ಟ ಹಳೆಯ ತಾರೀಖುಗಳ ಸರಾಸರಿಯೇ ಹೊರತು ಜಾತಕವಲ್ಲ. ಎರಡು, ನೀವು ಬರೆದದ್ದು ಎಲ್ಲಿಗೆ ಹೋಗುತ್ತದೆ ಅನ್ನುವ ವಿಷಯ. ಫ್ಲೋ ಅನ್ನುವ ಜನಪ್ರಿಯ ಆ್ಯಪ್ ಬಳಕೆದಾರರ ಮಾಹಿತಿಯನ್ನು ಫೇಸ್‌ಬುಕ್, ಗೂಗಲ್‌ನಂಥ ಕಂಪನಿಗಳಿಗೆ ಹಂಚಿತು ಅಂತ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪ ಹೊರಿಸಿ, 2021ರಲ್ಲಿ ಅದು ರಾಜಿಯಲ್ಲಿ ಮುಗಿಯಿತು. ಹೆಸರು, ಮೇಲ್ ಐಡಿ ಕೇಳದೆ ಕೆಲಸ ಮಾಡುವಂಥದ್ದು ಸಿಕ್ಕರೆ ಅದನ್ನೇ ಹಾಕಿಕೊಳ್ಳಿ. ಅದೂ ಅಲ್ಲದೆ ಮನೆಯ ಫೋನು ಒಬ್ಬರದಾಗಿರೋದಿಲ್ಲ, ಮಕ್ಕಳು ಆಟ ಆಡುವುದೂ ಅದರಲ್ಲೇ. ನನ್ನ ಓಟು ಪೆನ್ನು ಪೇಪರಿಗೇ.

ಒಂದನೇ ದಿನ ಯಾವುದು

ಎಲ್ಲ ಲೆಕ್ಕ ನಿಂತಿರುವುದೂ, ಹೆಚ್ಚಿನವರು ತಪ್ಪುವುದೂ ಇಲ್ಲೇ. ಪ್ಯಾಡೋ ಬಟ್ಟೆಯೋ ಇಟ್ಟುಕೊಳ್ಳಲೇಬೇಕು ಅನ್ನುವಷ್ಟು ಸರಿಯಾಗಿ ಹೋಗಲು ಶುರುವಾದ ದಿನವೇ ದಿನ 1. ಹಿಂದಿನ ದಿನ ಕಂದು ಬಣ್ಣದ ಕಲೆ ಕಂಡಿದ್ದರೆ ಅದು ಲೆಕ್ಕಕ್ಕಿಲ್ಲ, ಪಕ್ಕದಲ್ಲಿ "ಕಲೆ" ಅಂತ ಬರೆದಿಡಿ ಸಾಕು. ಆ ದಿನದಿಂದ ಮುಂದಿನ ಮುಟ್ಟಿನ ದಿನ 1ರ ಹಿಂದಿನ ದಿನದವರೆಗೆ ಒಂದು ಚಕ್ರ.

ನಮ್ಮಲ್ಲಿ ಎಷ್ಟೋ ಜನ ತಲೆಗೆ ಸ್ನಾನ ಮಾಡಿ ಒಳಗೆ ಬಂದ ದಿನದಿಂದ ಎಣಿಸುತ್ತಾರೆ. ಅಡುಗೆಮನೆಗೆ ಅದು ಸರಿ, ಆಸ್ಪತ್ರೆಗೆ ಅಲ್ಲ. ಅಲ್ಲಿಗೇ ಐದು ದಿನ ಹೆಚ್ಚುಕಮ್ಮಿ ಆಯಿತು. ಬಸುರಿಯಾದಾಗ ತಾಯಿ ಕಾರ್ಡಿನಲ್ಲಿ ಎಲ್‌ಎಂಪಿ ಅಂತ ಕೇಳುವುದೂ ಈ ಕೊನೆಯ ಮುಟ್ಟಿನ ದಿನ 1ನ್ನೇ. ಅದಕ್ಕೆ 280 ದಿನ ಕೂಡಿಸಿ ಹೆರಿಗೆ ದಿನ ಹಾಕುತ್ತಾರೆ.

ಈಗ ಶುರುಮಾಡುವವರು ಹಿಂದಿನ ಎರಡು ಮೂರು ತಿಂಗಳದ್ದನ್ನೂ ಹುಡುಕಿ ಬರೆಯಿರಿ. ತಾರೀಖು ನೆನಪಿಲ್ಲದಿದ್ದರೂ ಯಾವ ಹಬ್ಬಕ್ಕೆ ದೇವರ ಮನೆಗೆ ಹೋಗಲಿಲ್ಲ, ಯಾರ ಮದುವೆಯಲ್ಲಿ ಧಾರೆ ಹೊತ್ತಿಗೆ ಹಿಂದೆ ನಿಂತೆ ಅನ್ನೋದನ್ನು ಯಾವ ಹೆಂಗಸೂ ಮರೆತಿರೋದಿಲ್ಲ. ಅಲ್ಲಿಂದ ಕ್ಯಾಲೆಂಡರಿನಲ್ಲಿ ಹಿಂದೆ ಹೋಗಿ. ಪಕ್ಕದಲ್ಲಿ "ಅಂದಾಜು" ಅಂತ ಬರೆಯಿರಿ.

ಎಣಿಸುವುದು

ಒಂದು ಉದಾಹರಣೆ. ಜನವರಿ 4, ಫೆಬ್ರವರಿ 2, ಮಾರ್ಚ್ 5, ಮಾರ್ಚ್ 31, ಏಪ್ರಿಲ್ 28. ಐದು ಮುಟ್ಟು, ನಡುವೆ ನಾಲ್ಕು ಚಕ್ರ. ಫೆಬ್ರವರಿಗೆ 28 ದಿನ ಅಂತ ಹಿಡಿದರೆ 29, 31, 26, 28. ಸರಾಸರಿ ಇಪ್ಪತ್ತೆಂಟೂವರೆ.

ಈ ಹೆಣ್ಣುಮಗಳು ಮಾರ್ಚ್ ತಿಂಗಳಲ್ಲಿ "ಎರಡು ಸಲ ಆಯ್ತು" ಅಂತ ಗಾಬರಿ ಬೀಳುತ್ತಾಳೆ, 5ಕ್ಕೆ ಒಂದು, 31ಕ್ಕೆ ಒಂದು. ತಾರೀಖು ನೋಡಿದರೆ ಗಾಬರಿ, ದಿನ ಎಣಿಸಿದರೆ ಏನೂ ಇಲ್ಲ. ವಯಸ್ಕ ಹೆಂಗಸರಿಗೆ 21ರಿಂದ 35 ದಿನದೊಳಗೆ ಬಂದರೆ ಸಹಜ ಅಂತಲೇ ಲೆಕ್ಕ. ಪ್ರತಿ ತಿಂಗಳೂ ಅದೇ ತಾರೀಖಿಗೆ ಬರಬೇಕು ಅನ್ನುವುದು ಸಂಬಳಕ್ಕೆ ಸರಿ. ನಾಲ್ಕೈದು ದಿನ ಆಚೀಚೆ ಆಗುವುದು ಎಲ್ಲರಿಗೂ ಇದ್ದದ್ದೇ. ಒಂದು ಸಲ 24, ಇನ್ನೊಂದು ಸಲ 40, ಮತ್ತೆ 29 ಅಂತ ಕುಣಿದಾಡುತ್ತಿದ್ದರೆ ಮಾತ್ರ ತೋರಿಸಬೇಕು.

ಎಷ್ಟು ಹೋಗುತ್ತದೆ

"ಜಾಸ್ತಿ ಹೋಗುತ್ತೆ" ಅಂದರೆ ಡಾಕ್ಟರಿಗೆ ಏನೂ ಹೇಳಿದ ಹಾಗಾಗಲಿಲ್ಲ. ಅಮ್ಮನಿಗೂ ಹಾಗೇ, ದೊಡ್ಡಮ್ಮನಿಗೂ ಹಾಗೇ ಇದ್ದ ಮನೆಯಲ್ಲಿ ಬೆಳೆದವಳಿಗೆ ಎಷ್ಟು ಹೋದರೂ ಅದೇ ಮಾಮೂಲು. ನಮ್ಮ ಓರಗಿತ್ತಿ ಹದಿನೈದು ವರ್ಷ ಎರಡೆರಡು ಪ್ಯಾಡು ಜೋಡಿಸಿ ಇಟ್ಟುಕೊಂಡಿದ್ದಾಳೆ. ಎಲ್ಲರೂ ಹೀಗೇ ಮಾಡುತ್ತಾರೆ ಅಂತ ಅಂದುಕೊಂಡಿದ್ದಳು.

ಸಾಮಾನ್ಯವಾಗಿ ಒಂದು ಮುಟ್ಟಿನಲ್ಲಿ ಒಟ್ಟು 30–40 ಮಿಲಿಲೀಟರ್ ರಕ್ತ ಹೋಗುತ್ತದೆ, ಅಂದರೆ ಆರೆಂಟು ಟೀ ಚಮಚ. 80 ದಾಟಿದರೆ ಹೆಚ್ಚು. ಮನೆಯಲ್ಲಿ ಯಾರೂ ಅಳೆಯೋದಿಲ್ಲ, ಹಾಗಾಗಿ ಇವನ್ನು ಬರೆಯಿರಿ: ದಿನಕ್ಕೆ ಎಷ್ಟು ಪ್ಯಾಡು, ಬದಲಿಸುವಾಗ ಅದು ಪೂರ್ತಿ ನೆನೆದಿತ್ತಾ, ಅರ್ಧವಾ, ಬರೀ ಕಲೆಯಾ. ಬಟ್ಟೆ ಬಳಸುವವರು ಎಷ್ಟು ಸಲ ಬದಲಿಸಿದಿರಿ ಅಂತ ಬರೆಯಿರಿ. ಮುಟ್ಟಿನ ಕಪ್ ಬಳಸುವವರಿಗೆ ಸಲೀಸು, ಹಲವು ಕಪ್‌ಗಳಲ್ಲಿ ಅಳತೆಯ ಗೆರೆಯೇ ಇರುತ್ತೆ. ಗಡ್ಡೆ ಗಡ್ಡೆಯಾಗಿ ಹೋದರೆ ಗಾತ್ರ ಬರೆಯಿರಿ. ಎರಡು ರೂಪಾಯಿ ನಾಣ್ಯಕ್ಕಿಂತ ದೊಡ್ಡದಾ ಚಿಕ್ಕದಾ ಅನ್ನೋ ಒಂದು ಮಾತು ಸಾಕು. ರಾತ್ರಿ ಎದ್ದು ಬದಲಿಸಬೇಕಾಯಿತಾ, ಲಂಗ ದಾಟಿ ಸೀರೆಗೆ ಆಯಿತಾ, ಅದೂ ಇರಲಿ.

ಅವಳ ಮೊದಲ ತಿಂಗಳ ಹಾಳೆ ಹೀಗಿತ್ತು:

ಆಗಸ್ಟ್ 14, ದಿನ 1. ಬೆಳಿಗ್ಗೆ ಶುರು. ಪ್ಯಾಡ್ 3. ನೋವು 1.
15, ದಿನ 2. ಪ್ಯಾಡ್ 7, ಎಲ್ಲಾ ಫುಲ್. ಗಡ್ಡೆ ದೊಡ್ಡದು. ರಾತ್ರಿ 2 ಸಲ ಎದ್ದೆ. ನೋವು 2.
16, ದಿನ 3. ಪ್ಯಾಡ್ 7. ಹಾಲು ಕರೆಯೋಕೆ ಕೂತಾಗ ಕಣ್ಣು ಕತ್ತಲೆ.
17, ದಿನ 4. ಪ್ಯಾಡ್ 5. ಸುಸ್ತು.
18, 19, 20. ಪ್ಯಾಡ್ 3, 3, 2.
21, ದಿನ 8. ಪ್ಯಾಡ್ 1.
22. ಕಲೆ ಅಷ್ಟೆ.

ಬರೆಯೋದಕ್ಕೆ ದಿನಕ್ಕೆ ಅರ್ಧ ನಿಮಿಷವೂ ಹಿಡಿದಿರಲಿಕ್ಕಿಲ್ಲ. ಓದಿದವರಿಗೆ ಮಾತ್ರ ಸುಸ್ತು ಎಲ್ಲಿಂದ ಬರುತ್ತಿದೆ ಅಂತ ಕಣ್ಣಿಗೆ ಕಟ್ಟುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಊಟ ಸಾಲದು ಅನ್ನುವುದು ಒಂದು ಕಾರಣ. ಒಳಗೆ ಸೇರಿದ್ದೆಲ್ಲ ತಿಂಗಳು ತಿಂಗಳು ಸೋರಿಹೋಗುವುದು ಇನ್ನೊಂದು, ಅದನ್ನು ಯಾರೂ ಕೇಳುವುದಿಲ್ಲ. ಕಬ್ಬಿಣದ ಮಾತ್ರೆ ನುಂಗುವವರು ಅದನ್ನು ಕಾಫಿ, ಟೀ, ಹಾಲಿನ ಜೊತೆ ತೆಗೆದುಕೊಳ್ಳಬೇಡಿ, ಮೈಗೆ ಹತ್ತುವುದಿಲ್ಲ. ನಿಂಬೆಹಣ್ಣಿನ ಪಾನಕ ಒಳ್ಳೆಯದು. ಮಲ ಕಪ್ಪಗಾದರೆ ಹೆದರಬೇಡಿ.

ನೋವು, ಕೋಪ, ಅಳು

ನೋವಿಗೆ 0ರಿಂದ 3 ಅಂಕ ಕೊಡಿ. "ಎಷ್ಟು ನೋವು" ಅಂತ ಯೋಚಿಸಿದರೆ ಅಂಕ ಬರುವುದಿಲ್ಲ, ಏನು ಮಾಡಲು ಆಗಲಿಲ್ಲ ಅಂತ ಯೋಚಿಸಿ. ನೋವೇ ಇಲ್ಲದಿದ್ದರೆ 0. ನೋವಿದ್ದರೂ ಎಲ್ಲ ಕೆಲಸ ಮಾಡಿದೆ, 1. ಮಾತ್ರೆ ನುಂಗಿ ಮಾಡಿದೆ, 2. ಮಾತ್ರೆಗೂ ಬಗ್ಗಲಿಲ್ಲ, ಮಲಗಿಬಿಟ್ಟೆ, 3. ನಮ್ಮ ಹೆಣ್ಣುಮಕ್ಕಳು ಅಂಕ ಕಡಿಮೆ ಹಾಕುವುದರಲ್ಲಿ ನಿಸ್ಸೀಮರು. ಒಂಬತ್ತನೇ ಕ್ಲಾಸಿನ ಒಬ್ಬಳು ಪ್ರತಿ ತಿಂಗಳೂ ಎರಡು ದಿನ ರಜೆ. ಕೇಳಿದರೆ "ಸ್ವಲ್ಪ ಹೊಟ್ಟೆನೋವು ಮಿಸ್" ಅಂತಾಳೆ. ಹಾಜರಿ ಪುಸ್ತಕ ತೆಗೆದು ನೋಡಿದೆ, ಏಳು ತಿಂಗಳಲ್ಲಿ 13 ದಿನ. ಅದು 3.

ಎಲ್ಲಿ ನೋವು ಅನ್ನುವುದೂ ಮುಖ್ಯ. ಕಿಬ್ಬೊಟ್ಟೆ, ಸೊಂಟ, ತೊಡೆಯ ಸೆಳೆತ ಸಾಮಾನ್ಯ. ಮುಟ್ಟಿನ ದಿನಗಳಲ್ಲಿ ಮಲ ಮೂತ್ರ ಮಾಡುವಾಗ ನೋವು, ಗಂಡನ ಜೊತೆ ಸೇರುವಾಗ ಒಳಗೆ ನೋವು, ಮುಟ್ಟಿಲ್ಲದ ದಿನಗಳಲ್ಲೂ ಕಿಬ್ಬೊಟ್ಟೆ ನೋವು ಇದ್ದರೆ ತಪ್ಪದೆ ಬರೆಯಿರಿ. ಗರ್ಭಕೋಶದ ಒಳಪದರದಂಥದ್ದೇ ಅದರ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಅನ್ನುವ ಕಾಯಿಲೆಯ ಸುಳಿವು ಇವು. ಹೆರುವ ವಯಸ್ಸಿನ ಹೆಂಗಸರಲ್ಲಿ ಹತ್ತಕ್ಕೆ ಒಬ್ಬರಿಗೆ ಇದು ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. "ಮದುವೆಯಾದರೆ ಸರಿಹೋಗುತ್ತೆ" ಅನ್ನುವ ಔಷಧಿ ಇದಕ್ಕೆ ಕೆಲಸ ಮಾಡುವುದಿಲ್ಲ.

ನುಂಗಿದ ಮಾತ್ರೆಯ ಹೆಸರು, ಎಷ್ಟು ಅಂತಲೂ ಇರಲಿ. ಮೆಡಿಕಲ್ ಸ್ಟೋರಿನಲ್ಲಿ ಕೇಳಿದ ಕೂಡಲೇ ಕೊಡುವ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಮೆಫೆನಾಮಿಕ್ ಆಮ್ಲ ಇರುತ್ತದೆ. ಅಪರೂಪಕ್ಕೆ ಅದು ಮೈತುಂಬ ದದ್ದು, ಜ್ವರ ತರುವ ತೀವ್ರ ಅಲರ್ಜಿ ಮಾಡಬಹುದು ಅಂತ 2023ರ ಕೊನೆಯಲ್ಲಿ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಎಚ್ಚರಿಕೆ ಕೊಟ್ಟಿತ್ತು. ದದ್ದು ಕಂಡರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಖಾಲಿ ಹೊಟ್ಟೆಗೆ ನುಂಗಲೇಬೇಡಿ.

ಮನಸ್ಸಿನ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕು. ಮುಟ್ಟಿನ ಮುಂಚಿನ ಒಂದೆರಡು ವಾರ ಎದೆ ಭಾರ, ಹೊಟ್ಟೆ ಉಬ್ಬರ, ತಲೆನೋವು, ಸುಮ್ಮಸುಮ್ಮನೆ ಸಿಡುಕು, ಅಳು, ನಿದ್ದೆ ಇಲ್ಲದಿರುವುದು ಬಹಳ ಜನಕ್ಕೆ ಇರುತ್ತದೆ. ಮುಟ್ಟು ಶುರುವಾಗಿ ಎರಡು ಮೂರು ದಿನಕ್ಕೆ ಇಳಿದುಹೋಗುತ್ತದೆ. ಇದನ್ನು ನೆನಪಿನ ಮೇಲೆ ಹೇಳಲಾಗದು, ಜಗಳ ಆಡಿದ ದಿನ ನೆನಪಿರುತ್ತದೆಯೇ ಹೊರತು ನಗುನಗುತ್ತಾ ಇದ್ದ ದಿನ ಅಲ್ಲ. ಹಾಗಾಗಿ ಎರಡು ಚಕ್ರ ಪೂರ್ತಿ, ಮುಟ್ಟಿಲ್ಲದ ದಿನಗಳಲ್ಲೂ, ರಾತ್ರಿ ಮಲಗುವ ಮುಂಚೆ ಒಂದು ಪದ ಬರೆಯಿರಿ: ಚೆನ್ನಾಗಿದ್ದೆ, ಸಿಡುಕು, ಅಳು, ಬೇಜಾರು. ಸಿಡುಕೆಲ್ಲ ಮುಟ್ಟಿನ ಹಿಂದಿನ ವಾರಕ್ಕೇ ಗುಂಪಾಗಿದ್ದರೆ ಒಂದು ಅರ್ಥ. ತಿಂಗಳು ಪೂರ್ತಿ ಹರಡಿದ್ದರೆ ಮುಟ್ಟಿನ ಮೇಲೆ ಹಾಕಬೇಡಿ, ಕಾರಣ ಬೇರೆ ಇದೆ. ಬದುಕೇ ಬೇಡ ಅನ್ನಿಸುವ ಮಟ್ಟಕ್ಕೆ ಹೋದರೆ ಎರಡು ತಿಂಗಳು ಬರೆಯುತ್ತಾ ಕೂರಬೇಡಿ, ಅವತ್ತೇ ಒಬ್ಬರಿಗೆ ಹೇಳಿ, ಡಾಕ್ಟರನ್ನು ನೋಡಿ.

ನರಸಾಪುರ, ವೇಮಗಲ್ ಕಡೆ ಫ್ಯಾಕ್ಟರಿಗೆ ಹೋಗುವ ಹುಡುಗಿಯರಿಗೆ ಈ ಅಂಕದಿಂದ ಇನ್ನೊಂದು ಉಪಯೋಗವಿದೆ. ತಿಂಗಳಿಗೆ ಒಂದರಂತೆ ವರ್ಷಕ್ಕೆ 12 ದಿನ ವೇತನಸಹಿತ ಮುಟ್ಟಿನ ರಜೆ ಕೊಡುವ ನೀತಿಗೆ ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಸಿಗುವುದು ಒಂದೇ ದಿನ. ನಿಮಗೆ ಕಷ್ಟ ಮೊದಲ ದಿನವಾ ಎರಡನೆಯದಾ ಅಂತ ಪುಸ್ತಕ ನೋಡಿ ತೆಗೆದುಕೊಳ್ಳಿ.

ನಡುವೆ ಹೋಗುವ ಬಿಳಿ

ಬಿಳಿ ಹೋಗುತ್ತೆ ಅಂತ ಹೆದರಿ ಗುಟ್ಟಾಗಿ ಕೇಳುವವರು ಬಹಳ. ಚಕ್ರದ ನಡುವಿನಲ್ಲಿ ಎರಡು ಮೂರು ದಿನ ಮೊಟ್ಟೆಯ ಬಿಳಿಯ ಹಾಗೆ ತೆಳ್ಳಗೆ, ಎಳೆದರೆ ದಾರದಂತೆ ಬರುವುದು ಅಂಡಾಣು ಬಿಡುಗಡೆ ಆಗುವ ಕಾಲದ ಗುರುತು. ರೋಗವಲ್ಲ, ಅದರಿಂದ ಶಕ್ತಿ ಸೋರುವುದೂ ಇಲ್ಲ. "ಲೋಳೆ" ಅಂತ ಬರೆದಿಡಿ. ಒಡೆದ ಮೊಸರಿನ ಹಾಗೆ ಬಂದು ತುರಿಕೆ ಇದ್ದರೆ, ಹಸಿರೋ ಹಳದಿಯೋ ಆಗಿ ವಾಸನೆ ಬಂದರೆ ಅದು ಸೋಂಕು, ತೋರಿಸಿ.

ಮಗು ಬೇಕು ಅನ್ನುವವರು ಮುಂದಿನ ಮುಟ್ಟಿನಿಂದ 14 ದಿನ ಹಿಂದಕ್ಕೆ ಎಣಿಸಬೇಕು, ಹಿಂದಿನದರಿಂದ ಮುಂದಕ್ಕಲ್ಲ. ಮೇಲಿನ ಉದಾಹರಣೆಯಲ್ಲಿ ಏಪ್ರಿಲ್ 28ಕ್ಕೆ 28 ದಿನ ಕೂಡಿಸಿದರೆ ಮೇ 26, ಅದರಲ್ಲಿ 14 ಕಳೆದರೆ ಮೇ 12. ಗಂಡಸಿನ ವೀರ್ಯಾಣು ಒಳಗೆ ಐದು ದಿನದವರೆಗೆ ಬದುಕಬಲ್ಲದು, ಅಂಡಾಣು ಒಂದು ದಿನ. ಹಾಗಾಗಿ ಮೇ 7ರಿಂದ 12ರವರೆಗೆ. ಮಗು ಬೇಡ ಅನ್ನುವವರು ಇದೇ ಲೆಕ್ಕ ನಂಬಿ "ಸೇಫ್" ದಿನ ಅಂತ ಹೋಗಬೇಡಿ. ಒಂದು ಜ್ವರ, ಒಂದು ವಾರದ ನೈಟ್ ಶಿಫ್ಟ್ ಸಾಕು ಅಂಡಾಣು ಹಿಂದೆ ಮುಂದೆ ಆಗಲು.

ಪಕ್ಕದಲ್ಲಿ ಬರೆಯಬೇಕಾದ್ದು

ಚಕ್ರವನ್ನು ಅಲುಗಾಡಿಸುವ ಯಾವುದೇ ಸಂಗತಿ ಅಂಚಿನಲ್ಲಿ ಇರಲಿ. ಡೆಂಗ್ಯೂ ಬಂದಿತ್ತು, ಪರೀಕ್ಷೆ ಇತ್ತು, ಶಿಫ್ಟ್ ಬದಲಾಯಿತು, ತೂಕ ಐದು ಕೆಜಿ ಇಳಿಯಿತು, ಥೈರಾಯ್ಡ್ ಮಾತ್ರೆ ಶುರುವಾಯಿತು. ಆಶಾ ಕಾರ್ಯಕರ್ತೆಯ ಮೂಲಕ ಮಕ್ಕಳಾಗದಿರಲು ಹಾಕುವ ಅಂತರಾ ಇಂಜೆಕ್ಷನ್ ಹಾಕಿಸಿಕೊಂಡವರಿಗೆ ಮೊದಲ ತಿಂಗಳುಗಳಲ್ಲಿ ಹೊತ್ತುಗೊತ್ತಿಲ್ಲದೆ ಕಲೆಯಾಗಬಹುದು, ಆಮೇಲೆ ಮುಟ್ಟೇ ನಿಲ್ಲಬಹುದು. ಅದಕ್ಕೇ ಕೊಡುವ ಛಾಯಾ ಮಾತ್ರೆಯಲ್ಲಿ ದಿನ ಮುಂದೆ ಹೋಗಬಹುದು. ಕಾಪರ್‌-ಟಿ ಹಾಕಿಸಿದ ಮೊದಲ ಕೆಲವು ತಿಂಗಳು ಹೆಚ್ಚು ಹೋಗುತ್ತದೆ. ಹಾಕಿಸಿದ ದಿನ ಬರೆದಿಟ್ಟಿದ್ದರೆ ಸುಮ್ಮನೆ ಹೆದರುವುದು ತಪ್ಪುತ್ತದೆ.

ಡೇಟ್ ಮುಂದಕ್ಕೆ ಹಾಕುವ ಮಾತ್ರೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ವರಮಹಾಲಕ್ಷ್ಮಿಗೆ ಒಂದು ಸಲ, ಗೃಹಪ್ರವೇಶಕ್ಕೆ ಒಂದು ಸಲ, ತಿರುಪತಿಗೆ ಹೊರಟಾಗ ಒಂದು ಸಲ. ವರ್ಷದಲ್ಲಿ ಐದಾರು ಸಲ ನುಂಗಿ, ಆಮೇಲೆ "ಯಾಕೋ ಡೇಟ್ ಸರಿಯಾಗಿ ಬರ್ತಿಲ್ಲ" ಅನ್ನುತ್ತೇವೆ. ಅದು ಹಾರ್ಮೋನು, ಚಾಕೊಲೇಟಲ್ಲ. ಮುಂಚೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು ಡಾಕ್ಟರನ್ನು ಕೇಳದೆ ಮುಟ್ಟಲೂ ಬಾರದು. ನುಂಗಿದರೆ ಶುರುಮಾಡಿದ ದಿನ, ನಿಲ್ಲಿಸಿದ ದಿನ ಎರಡನ್ನೂ ಬರೆಯಿರಿ. ನಿಲ್ಲಿಸಿದ ಎರಡು ಮೂರು ದಿನಕ್ಕೆ ಬಂದ ಮುಟ್ಟು ಮಾತ್ರೆಯ ಮುಟ್ಟು, ನಿಮ್ಮ ಸರಾಸರಿಗೆ ಸೇರಿಸಬೇಡಿ. ದೇವರಿಗೆ ನಿಜವಾಗಿಯೂ ತೊಂದರೆ ಇದೆಯೇ ಅಂತ ನಾನು ಅತ್ತೆಯನ್ನು ಒಮ್ಮೆ ಕೇಳಿದ್ದೆ. "ದೇವರಿಗಿಲ್ಲ, ನಿಮ್ಮ ಮಾವನಿಗಿದೆ" ಅಂದರು.

ಹೆಣ್ಣುಮಕ್ಕಳದು

ಚಿಗಳಿ ತಿನ್ನಿಸಿ, ಆರತಿ ಮಾಡಿ, ಫೋಟೋ ತೆಗೆಸಿದ ದಿನ ಎಲ್ಲರಿಗೂ ನೆನಪಿರುತ್ತೆ. ಎರಡನೇ ಮುಟ್ಟು ಯಾವಾಗ ಆಯಿತು ಅಂತ ಕೇಳಿ ನೋಡಿ. ಮೊದಲ ಎರಡು ಮೂರು ವರ್ಷ 45 ದಿನದವರೆಗೂ ಮುಂದೆ ಹೋಗುವುದು ಸಹಜ, ಅದಕ್ಕೆ ಕಷಾಯ ಕುಡಿಸಿ ಗೋಳಾಡಿಸಬೇಡಿ. ಮಗಳ ಕೈಗೇ ಪುಸ್ತಕ ಕೊಟ್ಟು ಬರೆಯಲು ಹೇಳಿ. ಮೂರು ತಿಂಗಳು ಬರದೇ ಇದ್ದರೆ, ಮೊದಲ ಮುಟ್ಟಿನಿಂದಲೇ ವಿಪರೀತ ಹೋಗುತ್ತಿದ್ದರೆ, 15 ತುಂಬಿದರೂ ಮೈನೆರೆಯದಿದ್ದರೆ ತೋರಿಸಿ. ಮೊದಲಿಂದಲೇ ಅತಿಯಾಗಿ ಹೋಗುವ ಕೆಲವರಿಗೆ ರಕ್ತ ಹೆಪ್ಪುಗಟ್ಟುವುದರಲ್ಲೇ ದೋಷ ಇರುತ್ತದೆ. ಹಲ್ಲಿನ ವಸಡಿನಿಂದ, ಮೂಗಿನಿಂದ ಆಗಾಗ ರಕ್ತ ಬರುವುದಿದ್ದರೆ ಅದನ್ನೂ ಹೇಳಿ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆ ಕಬ್ಬಿಣದ್ದು. ಅದನ್ನು ಕಿಟಕಿಯಿಂದಾಚೆ ಎಸೆಯುವ ಪ್ರತಿಭೆ ನಮ್ಮ ಮಕ್ಕಳಿಗೆ ಚೆನ್ನಾಗಿದೆ, ಮನೆಯಲ್ಲಿ ಒಂದು ಮಾತು ಕೇಳಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹಾ ಕ್ಲಿನಿಕ್ ಇರುತ್ತದೆ, ಅಲ್ಲಿ ಮಗಳನ್ನೇ ಮಾತಾಡಲು ಬಿಡಿ.

ತುಮಕೂರು ಜಿಲ್ಲೆಯ ಕೆಲವು ಹಟ್ಟಿಗಳಲ್ಲಿ ಮುಟ್ಟಾದವರನ್ನು ಇವತ್ತಿಗೂ ಊರಾಚೆ ಇರಿಸುತ್ತಾರೆ. ಹಾಗೆ ಬಲವಂತವಾಗಿ ಹೊರಗಿಡುವುದನ್ನು ರಾಜ್ಯದ 2017ರ ಮೌಢ್ಯ ನಿಷೇಧ ಕಾಯ್ದೆ ಅಪರಾಧವೆಂದೇ ಹೇಳುತ್ತದೆ. ಅಂಥ ಕಡೆ ಇರುವ ಹುಡುಗಿಗೆ ಜೊತೆಯಲ್ಲಿ ಪ್ಯಾಡಿನ ಲೆಕ್ಕ ನೋಡುವವರೂ ಇರುವುದಿಲ್ಲ. ತಲೆ ಸುತ್ತುವಷ್ಟು ಹೋಗುತ್ತಿದ್ದರೆ ಯಾರಿಗೆ ಫೋನ್ ಮಾಡಬೇಕು ಅಂತ ಮೊದಲೇ ಹೇಳಿಕೊಟ್ಟಿರಿ.

ಪುಸ್ತಕ ಹಿಡಿದು ಯಾವಾಗ ಹೋಗಬೇಕು

ಗಂಟೆಗೋ ಎರಡು ಗಂಟೆಗೋ ಒಂದು ಪ್ಯಾಡು ನೆನೆಯುತ್ತಾ ಹಲವು ಗಂಟೆ ಹಾಗೇ ಮುಂದುವರಿದರೆ, ಜೊತೆಗೆ ತಲೆ ತಿರುಗಿದರೆ ಬರೆಯುತ್ತಾ ಕೂರುವ ಹೊತ್ತಲ್ಲ, ಅವತ್ತೇ ಹೊರಡಿ. ದಿನ ತಪ್ಪಿ ಹೊಟ್ಟೆಯ ಒಂದು ಬದಿ ಜೋರು ನೋವು ಬಂದರೂ ಅಷ್ಟೇ, ಗರ್ಭ ನಳಿಕೆಯಲ್ಲಿ ನಿಂತಿರಬಹುದು. ಉಳಿದಂತೆ, ಎಂಟು ದಿನಕ್ಕಿಂತ ಹೆಚ್ಚು ಹೋದರೆ, ಚಕ್ರ 21ಕ್ಕಿಂತ ಕಡಿಮೆ ಅಥವಾ 35ಕ್ಕಿಂತ ಹೆಚ್ಚಾಗಿ ಎರಡು ಮೂರು ಸಲ ಬಂದರೆ, ಎರಡು ಮುಟ್ಟಿನ ನಡುವೆ ಅಥವಾ ಗಂಡನ ಜೊತೆ ಸೇರಿದ ಮೇಲೆ ರಕ್ತ ಕಂಡರೆ, ಬಸುರಿಲ್ಲದೆ ಮೂರು ತಿಂಗಳು ನಿಂತರೆ ಪುಸ್ತಕ ತೆಗೆದುಕೊಂಡು ಹೋಗಿ. ಮುಂದೆ ಮುಂದೆ ಹೋಗುವುದರ ಜೊತೆ ಮುಖದ ಮೇಲೆ ಗಡ್ಡದಂತೆ ಕೂದಲು, ಮೊಡವೆ ಇದ್ದರೆ ಪಿಸಿಓಡಿ, ಅಂದರೆ ಅಂಡಾಶಯದ ಹಾರ್ಮೋನು ಏರುಪೇರಾಗುವ ತೊಂದರೆ, ಇದೆಯಾ ಅಂತ ನೋಡುತ್ತಾರೆ.

ನಲವತ್ತು ದಾಟಿದವರಿಗೆ ಬೇರೆಯಾಗಿ ಹೇಳುತ್ತೇನೆ. "ನಿಲ್ಲೋ ಕಾಲಕ್ಕೆ ಹೀಗೇ" ಅಂತ ಎಲ್ಲರೂ ಹೇಳುತ್ತಾರೆ. ಆ ವಯಸ್ಸಿನಲ್ಲಿ ಚಕ್ರ ಏರುಪೇರಾಗುವುದು ನಿಜ, ಹಾಗಂತ ಬಕೆಟ್ಟಿನಲ್ಲಿ ಹೋದ ಹಾಗೆ ಹೋಗುವುದು ಸಹಜ ಅಲ್ಲ. 12 ತಿಂಗಳು ಪೂರ್ತಿ ಬರದೇ ಇದ್ದರೆ ಮುಟ್ಟು ನಿಂತಿತು ಅಂತ ಲೆಕ್ಕ. ಆಮೇಲೆ ಒಂದು ಹನಿ ಕಂಡರೂ ತೋರಿಸಲೇಬೇಕು, ಕ್ಯಾನ್ಸರ್ ಇಲ್ಲ ಅಂತ ಖಚಿತ ಮಾಡಿಕೊಳ್ಳಲು. ಯಾರಾದರೂ ಮೊದಲ ಭೇಟಿಯಲ್ಲೇ "ಗರ್ಭಕೋಶ ತೆಗೆಸಿಬಿಡಿ, ಮಕ್ಕಳಾಗಿವೆಯಲ್ಲ" ಅಂದರೆ ಹೂಂ ಅನ್ನುವ ಮೊದಲು ಇನ್ನೊಬ್ಬ ಡಾಕ್ಟರಿಗೆ ತೋರಿಸಿ. ರಕ್ತ ಹೋಗುವುದನ್ನು ಕಡಿಮೆ ಮಾಡುವ ಮಾತ್ರೆ ಇದೆ, ಹಾರ್ಮೋನಿನ ಮಾತ್ರೆ ಇದೆ, ಗರ್ಭಕೋಶದೊಳಗೆ ಕೂರಿಸುವ ಹಾರ್ಮೋನ್ ಸಾಧನ ಇದೆ. ಅವು ಕೆಲಸ ಮಾಡುತ್ತಿವೆಯೋ ಇಲ್ಲವೋ ಅಂತ ಹೇಳುವುದೂ ಪ್ಯಾಡಿನ ಅಂಕಿಗಳೇ.

ಸ್ಕ್ಯಾನಿಂಗಿಗೆ ಹೋಗುವವರು ಮೊದಲೇ ನೀರು ಕುಡಿದು ಮೂತ್ರಕೋಶ ತುಂಬಿಸಿಕೊಳ್ಳಬೇಕು ಅಂತಾರೆ. ಹಳ್ಳಿಯಿಂದ ಹೊರಡುವಾಗಲೇ ಒಂದು ಲೀಟರ್ ಕುಡಿದು ಬಸ್ಸು ಹತ್ತಬೇಡಿ, ನಾವು ಆ ತಪ್ಪು ಮಾಡಿದೆವು. ಅಲ್ಲಿ ಹೋಗಿ ಟೋಕನ್ ತೆಗೆದುಕೊಂಡ ಮೇಲೆ ಕುಡಿಯಿರಿ.

ಓರಗಿತ್ತಿಯ ಗರ್ಭಕೋಶದಲ್ಲಿ ಗಡ್ಡೆ ಇದ್ದದ್ದು ಸ್ಕ್ಯಾನಿಂಗಿನಲ್ಲಿ ಗೊತ್ತಾಯಿತು. ಮುಟ್ಟಿನ ದಿನಗಳಿಗೆ ಮಾತ್ರೆ ಕೊಟ್ಟರು. ಮೂರನೇ ತಿಂಗಳು ಅದೇ ಡಾಕ್ಟರ ಮುಂದೆ ಕೂತು ಹಾಲಿನ ಪುಸ್ತಕ ತೆರೆದಳು. ಎರಡನೇ ದಿನ 7 ಇದ್ದದ್ದು 4ಕ್ಕೆ ಇಳಿದಿತ್ತು, ಹಿಮೋಗ್ಲೋಬಿನ್ 10.6ಕ್ಕೆ ಏರಿತ್ತು. ಅವರು ಅಂಕಿಗಳನ್ನೆಲ್ಲ ಕೇಸ್ ಶೀಟಿಗೆ ಇಳಿಸಿಕೊಳ್ಳುತ್ತಾ, ಪುಟ ತಿರುಗಿಸಿದವರು ಒಮ್ಮೆಲೇ ನಿಂತು, "ಇದೇನ್ರೀ, ಇಲ್ಲಿ ದಿನಕ್ಕೆ ಹನ್ನೊಂದೂವರೆ ಅಂತ ಇದೆ?" ಅಂದರು.

"ಅದು ಹಾಲು ಮೇಡಂ" ಅಂದಳು.

ಮಾರನೇ ದಿನ ಅವಳಿಗೆ ಬೇರೆಯದೇ ಒಂದು ನೋಟ್‌ಬುಕ್ ತಂದುಕೊಟ್ಟೆ. ಡೇರಿ ಪುಸ್ತಕದ ಮಧ್ಯೆಯೇ ಇಟ್ಟುಕೊಂಡಿದ್ದಾಳೆ.